ಮಳಖೇಡದ ಪಠ್ಯ, ಚಂದಾಪುರದ ಬೆಂಚು

ಪದವಿಯ ಮೊದಲ ವರ್ಷಕ್ಕೆ ಬಂದವರ ಎದುರು ಈಗ ಮೂರು ಪ್ರಶ್ನೆಗಳು ನಿಲ್ಲುತ್ತವೆ. ಬರಿಲಾಕ ಬರ್ತದ? ಲೆಕ್ಕ ಬರ್ತದ? ಕಂಪ್ಯೂಟರ್ ಬರ್ತದ? ಇವುಗಳಿಗೆ ಕೌಶಲ್ಯ ಅಂತ ಹೆಸರಿಟ್ಟಿದ್ದಾರೆ. ಕುಲಗೋತ್ರವಿಲ್ಲದ, ಯಾರಿಗೂ ಸೇರದ, ಕಿರಾಣಿ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುವ ಸಾಮಾನಿನಂಥ ಶಬ್ದ ಅದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಕೇರಿಗಳಲ್ಲಿ, ತಾಂಡಾಗಳಲ್ಲಿ ಹುಟ್ಟಿ ಬೆಳೆದ ನಮಗೆ ಬರಹ ಅಂದರೆ ಸಾವುಕಾರನ ಕಾಗದ, ಲೆಕ್ಕ ಅಂದರೆ ಅವನ ಬಡ್ಡಿ, ಕಂಪ್ಯೂಟರ್ ಅಂದರೆ ತಾಲೂಕು ಕಚೇರಿಯ ಕಿಟಕಿಯ ಆಚೆ ಕೂತ ಪೆಟ್ಟಿಗೆ. ಮೂರೂ ಬೇರೆಯವರ ಕೈಯಲ್ಲಿದ್ದವು. ಮೂರರ ಮುಂದೆಯೂ ನಮ್ಮ ಹಿರಿಯರು ಹೆಬ್ಬೆಟ್ಟು ಒತ್ತಿದರು. ಈ ಮೂರು ಪಾಠಗಳಿಗೆ ನಮ್ಮ ಸೀಮೆಯಲ್ಲಿ ಒಂದು ಚರಿತ್ರೆ ಇದೆ. ಅದನ್ನು ಮೆಕಾಲೆಯಿಂದ ಶುರುಮಾಡುವುದು ಇತಿಹಾಸದ ಮೇಷ್ಟ್ರುಗಳ ರೂಢಿ. ನಾವು ಮಳಖೇಡದಿಂದ ಶುರುಮಾಡುತ್ತೇವೆ.

ಮಳಖೇಡ ಇರುವುದು ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಂಡೆಗೆ. ಚಂದಾಪುರದಲ್ಲಿ ಮುಂಜಾನೆ ಬಸ್ಸು ಹತ್ತಿದರೆ ಕೋಟೆ ನೋಡಿಕೊಂಡು ಹೊತ್ತು ಮುಳುಗುವುದರೊಳಗೆ ಮನೆ ಸೇರಬಹುದು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ. ಒಂಬತ್ತನೇ ಶತಮಾನದಲ್ಲಿ ಅರವತ್ತು ವರ್ಷಕ್ಕೂ ಮಿಕ್ಕಿ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, 850ರ ಸುಮಾರಿಗೆ, ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ಕನ್ನಡದಲ್ಲಿ ನಮಗೆ ಉಳಿದು ಬಂದಿರುವ ಮೊದಲ ಗ್ರಂಥ. ಅದು ಕಥೆಯಲ್ಲ, ಪುರಾಣವಲ್ಲ. ಹೇಗೆ ಬರೆಯಬೇಕೆಂದು ಹೇಳಿಕೊಡುವ ಪಠ್ಯಪುಸ್ತಕ! ಸಂಸ್ಕೃತದ ದಂಡಿಯ 'ಕಾವ್ಯಾದರ್ಶ'ವನ್ನು ಎದುರಿಗಿಟ್ಟುಕೊಂಡು, ಕನ್ನಡಕ್ಕೆ ಬೇಕಾದ್ದನ್ನು ಸೇರಿಸಿ, ಬೇಡವಾದ್ದನ್ನು ಬಿಟ್ಟು ಮಾಡಿದ ಮೂರು ಪರಿಚ್ಛೇದಗಳ ಕೋರ್ಸು ಅದು. ಆ ಮೂರರಲ್ಲಿ ಮೊದಲನೆಯದು ಯಾವುದರ ಬಗ್ಗೆ ಗೊತ್ತೇ? ದೋಷಗಳ ಬಗ್ಗೆ. ಕನ್ನಡದ ಮೊದಲ ಪುಸ್ತಕದ ಮೊದಲ ಪಾಠವೇ ತಪ್ಪು ಹುಡುಕುವುದು. ನಮ್ಮ ಉತ್ತರಪತ್ರಿಕೆಯ ಮೇಲೆ ಓಡಾಡುವ ಕೆಂಪು ಶಾಯಿಗೆ ಹನ್ನೊಂದು ನೂರು ವರ್ಷ ದಾಟಿದ ವಯಸ್ಸಾಗಿದೆ.

ಶ್ರೀವಿಜಯನನ್ನು ಬೈದು ಮುಗಿಸುವುದು ಸುಲಭ. ಆದರೆ ಆತ ಪ್ರಾಮಾಣಿಕ. ಕನ್ನಡ ಊರಿಗೊಂದು ಥರ ಇದೆ, ಆದ್ದರಿಂದ ಇದಿಷ್ಟೇ ತಪ್ಪು ಅಂತ ಎಣಿಸಲು ಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತನ್ನು ಅವನೇ ಹೇಳುತ್ತಾನೆ. ಹೇಳಿದ ಮೇಲೂ ಒಂದು ಗೆರೆ ಎಳೆಯುತ್ತಾನೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಇವುಗಳ ನಡುವಿನದು ಕನ್ನಡದ ತಿರುಳು. ಅಂದರೆ ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ರಾಜಧಾನಿ ಇದ್ದದ್ದು ಕಾಗಿಣಾ ದಂಡೆಯಲ್ಲಿ, ತಿರುಳ್ಗನ್ನಡದ ಪಟ್ಟಿಯಲ್ಲಿ ಕಾಗಿಣಾ ದಂಡೆಯ ಮಾತಿಲ್ಲ! ಅವತ್ತು ಎಳೆದ ಗೆರೆ ಮುಂದೆ ದಕ್ಷಿಣಕ್ಕೆ ಸರಿದು ಮೈಸೂರಿಗೆ ಹೋಯಿತು. ನಮ್ಮ ಕಡೆ ಮಾತ್ರ ಯಾವತ್ತೂ ಬರಲಿಲ್ಲ. ಈಗಲೂ ಮೊದಲ ವರ್ಷದ ಪ್ರಬಂಧದಲ್ಲಿ 'ಸಾಲಿ' ಅಂತ ಬರೆದರೆ ಅದರ ಕೆಳಗೆ ಗೆರೆ ಬೀಳುತ್ತದೆ, 'ಶಾಲೆ' ಅಂತ ತಿದ್ದುತ್ತಾರೆ. ಅದೇ ಸಾಲಿಯಲ್ಲಿ ಕೂತು ಓದಿ ಬಂದವರು ನಾವು.

ಆ ಪುಸ್ತಕದ ಇನ್ನೊಂದು ಮಾತನ್ನು ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ಮೈಕಿನಲ್ಲಿ ಕೂಗುತ್ತಾರೆ. ಈ ನಾಡಿನ ಜನ ಓದದಿದ್ದರೂ ಕಾವ್ಯದಲ್ಲಿ ಜಾಣರು ಎಂಬ ಅರ್ಥದ್ದು. ಕೇಳಿದವರು ಚಪ್ಪಾಳೆ ತಟ್ಟುತ್ತಾರೆ. ನಮಗೆ ಒಳಗೊಳಗೇ ಕುದಿಯುತ್ತದೆ. ಓದದವರ ಜಾಣತನವನ್ನು ಹೊಗಳಿ ಹನ್ನೊಂದು ಶತಮಾನ ಆಯಿತು, ಓದಿಸುವ ಕೆಲಸ ಯಾವಾಗ ಶುರುವಾಯಿತು? ಹಂತಿ ಹಾಡು, ಬೀಸುವ ಹಾಡು, ಗೀಗೀ ಪದ ಕಟ್ಟಿದ ನಮ್ಮವ್ವಂದಿರನ್ನು ಜಾನಪದದ ಹೆಸರಿನಲ್ಲಿ ವೇದಿಕೆಗೆ ಹತ್ತಿಸಿ ಶಾಲು ಹೊದಿಸಿ ಇಳಿಸುತ್ತಾರೆ. ರೇಷನ್ ಅಂಗಡಿಯಲ್ಲಿ ಅದೇ ಅವ್ವ ಸಹಿ ಮಾಡಲು ಬಾರದೆ ಬೆರಳು ಚಾಚಬೇಕು.

ಇನ್ನು ಲೆಕ್ಕ. ಇದು ಹೆಚ್ಚು ಮಂದಿಗೆ ಗೊತ್ತಿಲ್ಲದ ಸಂಗತಿ, ಗೊತ್ತಾದಾಗ ನಾವೂ ದಂಗಾದೆವು. ಅದೇ ಅಮೋಘವರ್ಷನ ಕಾಲದಲ್ಲಿ, ಹೆಚ್ಚೂಕಡಿಮೆ ಅದೇ 850ರ ಸುಮಾರಿಗೆ, ಮಹಾವೀರಾಚಾರ್ಯ ಎಂಬ ಜೈನ ಪಂಡಿತ 'ಗಣಿತಸಾರಸಂಗ್ರಹ' ಬರೆದ. ಸಂಸ್ಕೃತದಲ್ಲಿದೆ. ಆರಂಭದಲ್ಲೇ ದೊರೆಯ ಹೊಗಳಿಕೆ ಇದೆ. ಅದು ಬಿಟ್ಟರೆ ಉಳಿದದ್ದೆಲ್ಲ ಅಪ್ಪಟ ಗಣಿತ. ಅಲ್ಲಿಯವರೆಗೆ ಗಣಿತ ಅಂದರೆ ಜ್ಯೋತಿಷ್ಯದ, ಗ್ರಹಗತಿಯ ಬಾಲವಾಗಿ ಬರುತ್ತಿದ್ದದ್ದು. ಈತ ಗ್ರಹಗಳನ್ನು ಅತ್ತ ಸರಿಸಿ ಗಣಿತವನ್ನಷ್ಟೇ ಪಾಠಕ್ಕೆ ತೆಗೆದುಕೊಂಡ. ಲೋಕದ ವ್ಯವಹಾರದಲ್ಲಿ, ಅಡಿಗೆ, ಔಷಧಿ, ಸಂಗೀತ, ಮನೆ ಕಟ್ಟುವುದರಲ್ಲಿ ಎಲ್ಲದರಲ್ಲೂ ಗಣಿತ ಬೇಕು ಎಂದ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಬರೆದ. ಭಿನ್ನರಾಶಿ, ತ್ರೈರಾಶಿ, ಗುಂಡಿ ತೋಡಿದರೆ ಎಷ್ಟು ಮಣ್ಣು, ನೆರಳಿನಿಂದ ಎತ್ತರ ತಿಳಿಯುವುದು ಹೇಗೆ, ಅಸಲು ಇಷ್ಟು, ತಿಂಗಳ ಬಡ್ಡಿ ಇಷ್ಟು, ಗಂಟು ಎಷ್ಟಾಯಿತು, ಹೀಗೆ ಲೆಕ್ಕದ ಮೇಲೆ ಲೆಕ್ಕ. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಗಣಿತವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವ ನಮ್ಮ ಕಾಲದ ಪ್ರಾಧ್ಯಾಪಕರು ಈ ಹೆಸರನ್ನು ಒಮ್ಮೆ ಓದಿಕೊಳ್ಳಬೇಕು.

ಬರಹಕ್ಕೊಂದು ಪಠ್ಯ, ಗಣಿತಕ್ಕೊಂದು ಪಠ್ಯ, ಎರಡೂ ಒಬ್ಬನೇ ದೊರೆಯ ಕಾಲದಲ್ಲಿ, ನಮ್ಮ ಮನೆ ಅಂಗಳದಲ್ಲಿ. ಹಂಗಾದ್ರ ಕಾಲೇಜೂ ಇರಬೇಕಲ್ಲ? ಇತ್ತು. ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯ 1058ರ ಶಾಸನ ಅಲ್ಲಿನ ಘಟಿಕಾಸ್ಥಾನದ ಲೆಕ್ಕ ಕೊಡುತ್ತದೆ. ಚಾಲುಕ್ಯ ಸೋಮೇಶ್ವರನ ದಂಡನಾಯಕ ಮಧುಸೂದನ ಅದಕ್ಕೆ ದತ್ತಿ ಬಿಟ್ಟ. ವೇದ ಓದುವವರು 200, ಶಾಸ್ತ್ರ ಓದುವವರು 52, ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಇವತ್ತು ನಮ್ಮ ಎಷ್ಟು ಸರ್ಕಾರಿ ಪದವಿ ಕಾಲೇಜುಗಳಲ್ಲಿ ಕಾಯಂ ಗ್ರಂಥಪಾಲಕರು ಒಬ್ಬರಾದರೂ ಇದ್ದಾರೆ, ಓದುಗರೇ ಎಣಿಸಲಿ. ಆ ಕಂಬಗಳು ಈಗಲೂ ನಾಗಾವಿಯಲ್ಲಿ ನಿಂತಿವೆ. ವೇದ ಕಿವಿಗೆ ಬೀಳಬಾರದವರ ಹೆಸರು ಆ 252ರಲ್ಲಿ ಇರಲು ಸಾಧ್ಯವಿರಲಿಲ್ಲ ಎಂದು ಹೇಳಲು ಶಾಸನ ಓದಬೇಕಾಗಿಲ್ಲ. ಆದರೆ ಆ ಕಂಬಗಳ ಕಲ್ಲು ಕಡಿದವರು ಯಾರು? ಹೊತ್ತವರು ಯಾರು? ನೂರು ವರ್ಷ ಕಳೆದು ಕಲ್ಯಾಣದಲ್ಲಿ ಮಾದಾರ, ಡೋಹರ, ಅಗಸ, ಅಂಬಿಗ, ಅಕ್ಕಿ ಆಯುವ ಹೆಣ್ಣುಮಗಳು ಕೂತು ಬರೆದರು, ಭಂಡಾರದ ಲೆಕ್ಕ ಇಡುತ್ತಿದ್ದ ಬಸವಣ್ಣ ಜೊತೆಗಿದ್ದ. ಆ ತರಗತಿ ಎಷ್ಟು ದಿನ ನಡೆಯಿತು, ಹೇಗೆ ರಕ್ತದಲ್ಲಿ ಮುಗಿಯಿತು ಎಂಬುದನ್ನು ಈ ಪತ್ರಿಕೆ ಓದುವವರಿಗೆ ಮತ್ತೆ ಹೇಳಬೇಕಾಗಿಲ್ಲ.

ಅಲ್ಲಿಂದ ಮುಂದೆ ಮಹಾವೀರಾಚಾರ್ಯನ ಬಡ್ಡಿ ಲೆಕ್ಕ ಊರೂರಿನ ಪಟವಾರಿ, ಕುಲಕರ್ಣಿ, ಸಾವುಕಾರರ ಬಗಲಿನ ಪುಸ್ತಕದೊಳಗೆ ಹೋಗಿ ಕೂತಿತು. ಮಗಳ ಮದುವೆಗೆ ತಂದ ಐವತ್ತು ರೂಪಾಯಿಗೆ ಅಪ್ಪ ಜೀತ, ಅಪ್ಪ ಸತ್ತರೆ ಮಗ ಜೀತ. ಅಸಲು ಎಷ್ಟು ಉಳಿಯಿತು ಅಂತ ಕೇಳಿದರೆ ಸಾವುಕಾರ ಪುಸ್ತಕ ತೆರೆದು ತೋರಿಸುತ್ತಿದ್ದ. "ನೋಡ್ಕೋ" ಅನ್ನುತ್ತಿದ್ದ. ಏನು ನೋಡುವುದು? ಓದು ಬಂದಿದ್ದರೆ ಐವತ್ತು ಕಂಡೀತು, ಲೆಕ್ಕ ಬಂದಿದ್ದರೆ ಅದು ಎಂದೋ ತೀರಿದೆ ಎಂಬುದು ಕಂಡೀತು. ಎರಡೂ ಬಾರದವನಿಗೆ ಕಾಣುವುದು ಕರಿ ಇರುವೆಯ ಸಾಲು. ಜೀತ ರದ್ದಾದದ್ದು 1976ರ ಕಾಯ್ದೆಯಲ್ಲಿ. ನಮ್ಮಲ್ಲಿ ಕೆಲವರ ಅಜ್ಜಂದಿರು ಬಿಡುಗಡೆಯಾದದ್ದು ಆಗ. ಆ ಅಜ್ಜಂದಿರ ಮೊಮ್ಮಕ್ಕಳೇ ಈಗ ಮೊದಲ ವರ್ಷದ ಬೆಂಚಿನ ಮೇಲೆ ಕೂತಿರುವುದು. ಬರಹ, ಗಣಿತ ಬರೀ ಕೌಶಲ್ಯ ಅಂದಾಗ ನಮಗೆ ಸಿಟ್ಟು ಬರುವುದು ಯಾಕೆಂದು ಈಗ ತಿಳಿದಿರಬೇಕು.

ನಮ್ಮವರಿಗೆ ಲೆಕ್ಕ ಬರುತ್ತಿರಲಿಲ್ಲ ಅಂದವರು ಶಹಾಬಾದಿನ ಖಣಿಯಲ್ಲಿ ಒಂದು ದಿನ ನಿಲ್ಲಲಿ. ಎರಡು ಫೂಟಿನ ಚೌಕ ಫರಸಿ ಅಂದರೆ ನಾಲ್ಕು ಚದರ ಫೂಟು, ಇಪ್ಪತ್ತೈದು ಕಲ್ಲಿಗೆ ನೂರು. ಕೂಲಿ ನೂರರ ಮೇಲೆ. ಉಳಿ ಹಿಡಿದ ಮುದುಕ ಇದನ್ನು ಬಾಯಲ್ಲೇ ಹೇಳುತ್ತಾನೆ. ಎರಡು ಫೂಟಿನ ಚೌಕ ಕಲ್ಲಿನ ಎರಡು ಮಗ್ಗುಲಿಗೆ ಒಂದೊಂದು ಫೂಟು ಅಗಲದ ಪಟ್ಟಿ ಜೋಡಿಸಿ, ಮೂಲೆಗೆ ಒಂದು ಫೂಟಿನ ತುಂಡು ಇಟ್ಟರೆ ಮೂರು ಫೂಟಿನ ಚೌಕ ಆಗುತ್ತದೆ. ನಾಲ್ಕು, ಎರಡು, ಎರಡು, ಒಂದು: ಒಟ್ಟು ಒಂಬತ್ತು. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಅಂತ ಬೋರ್ಡಿನ ಮೇಲೆ ಬರೆದು ಹುಡುಗರನ್ನು ಅಂಜಿಸುವ ಸೂತ್ರ ಇದೇ. ಖಣಿಯಿಂದ ಕಾಲೇಜಿನ ಬೋರ್ಡಿಗೆ ಬರುವ ದಾರಿಯಲ್ಲಿ ಆ ಕಲ್ಲನ್ನು ಯಾರು ಕದ್ದರು?

ಕಾಲೇಜು ನಮ್ಮ ಸೀಮೆಗೆ ಮತ್ತೆ ಬಂದದ್ದು ನಿಜಾಮನ ಕಾಲದಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆಯಿತು. ದೇಶದ ಉಳಿದೆಲ್ಲ ವಿಶ್ವವಿದ್ಯಾಲಯಗಳು ಇಂಗ್ಲಿಷಿನ ಜೋಳಿಗೆ ಹಿಡಿದು ನಿಂತಿದ್ದಾಗ ಅಲ್ಲಿ ಉರ್ದುವಿನಲ್ಲಿ ಪಾಠ. ಅದಕ್ಕೆ ಒಂದು ವರ್ಷ ಮೊದಲೇ ಭಾಷಾಂತರದ ಕಚೇರಿಯೊಂದನ್ನು ತೆರೆದು ಗಣಿತ, ವಿಜ್ಞಾನ, ಇತಿಹಾಸದ ಪುಸ್ತಕಗಳನ್ನು ಉರ್ದುವಿಗೆ ಮಾಡಿಸಿದರು. ತ್ರಿಕೋನಕ್ಕೆ ಮುಸಲ್ಲಸ್, ಚೌಕಕ್ಕೆ ಮುರಬ್ಬಾ, ಬೀಜಗಣಿತಕ್ಕೆ ಜಬ್ರ್-ಓ-ಮುಕಾಬಲಾ. ನಿಜಾಮ ಅಂದ ಕೂಡಲೇ ರಜಾಕಾರರನ್ನಷ್ಟೇ ನೆನೆಯುವವರಿಗೆ ಇದನ್ನು ಒಪ್ಪುವುದು ಕಷ್ಟ, ಆದರೆ ನೆಲದ ಭಾಷೆಯಲ್ಲಿ ಕಾಲೇಜಿನ ಗಣಿತ ಹೇಳಬಹುದು ಎಂದು ಈ ದೇಶಕ್ಕೆ ತೋರಿಸಿಕೊಟ್ಟದ್ದು ಆ ವಿಶ್ವವಿದ್ಯಾಲಯವೇ. ಕೊರತೆ ಇದ್ದದ್ದು ಬೇರೆ ಕಡೆ. ಆ ರಾಜ್ಯದಲ್ಲಿ ಉರ್ದು ಮನೆಮಾತಾಗಿದ್ದವರು ಹತ್ತರಲ್ಲಿ ಒಬ್ಬರ ಸುಮಾರು. ತೆಲುಗು, ಮರಾಠಿ, ಕನ್ನಡದವರು ಮೊದಲು ಉರ್ದು ಕಲಿತು ಆಮೇಲೆ ಗಣಿತ ಕಲಿಯಬೇಕಿತ್ತು. ಕನ್ನಡದ ಮೇಲ್ವರ್ಗದ ಹುಡುಗರು ಉರ್ದು ಕಲಿತು ಮುಂದೆ ಹೋದರು. ಚಿಂಚೋಳಿಯಲ್ಲಿ ಹುಟ್ಟಿ ಎರಡು ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಓದಿದ್ದೂ ಉಸ್ಮಾನಿಯಾದಲ್ಲೇ. ನಮ್ಮ ಕೇರಿಯವರಿಗೆ ಕನ್ನಡ ಅಕ್ಷರವೇ ಇರಲಿಲ್ಲ, ಉರ್ದು ದೂರದ ಮಾತು.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು. ಉರ್ದು ಹೋಯಿತು, ಅದರ ಜಾಗಕ್ಕೆ ಬಂದದ್ದು ಇಂಗ್ಲಿಷ್. ಕನ್ನಡ ಬರಲಿಲ್ಲ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, 1970ರಲ್ಲಿ ಧಾರವಾಡದವರ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ. ಈ ಇಸವಿಗಳನ್ನು ಸಾಲಾಗಿ ಹೇಳಿ ಪ್ರಗತಿ ಅನ್ನುವುದು ವಾಡಿಕೆ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿ ಕೊಟ್ಟಾಗ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅದರಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36, ನಮ್ಮ ಜಿಲ್ಲೆಯದು 64.85. ಪಠ್ಯ ಬರೆದ ನೆಲ ಪಟ್ಟಿಯ ತಳದಲ್ಲಿ.

ಈ ಹೈದರಾಬಾದ್ ರಾಜ್ಯದಲ್ಲಿ ಒಂದೇ ಒಂದು ಬಾಗಿಲು ಬೇರೆ ರೀತಿ ತೆರೆಯಿತು. 1950ರಲ್ಲಿ ಬಾಬಾಸಾಹೇಬರು ಔರಂಗಾಬಾದಿನಲ್ಲಿ ಕಾಲೇಜು ಶುರುಮಾಡಿದರು. ಔರಂಗಾಬಾದ್ ಆಗ ನಮ್ಮದೇ ರಾಜ್ಯದ ಊರು. ಆ ಕಾಲೇಜಿಗೆ ಅವರಿಟ್ಟ ಹೆಸರು ಮಿಲಿಂದ. ನಾಗಸೇನನಿಗೆ ಪ್ರಶ್ನೆ ಕೇಳಿದ ರಾಜನ ಹೆಸರು ಅದು. ಬೋಧಿಸಿದವನ ಹೆಸರನ್ನು ಬಿಟ್ಟು ಕೇಳಿದವನ ಹೆಸರನ್ನು ಇಟ್ಟದ್ದು ನಮಗೆ ಬಹಳ ದಿನ ತಲೆಯಲ್ಲಿ ಕೊರೆಯಿತು. ಮೊದಲ ತಲೆಮಾರು ಬಂದು ಕೂತ ತರಗತಿಯಲ್ಲಿ ಪಾಠ ಪ್ರಶ್ನೆಯಿಂದ ಶುರುವಾಗಬೇಕು ಎಂದು ಅವರಿಗೆ ಅನಿಸಿದ್ದೀತು.

ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಕಾಲ, 1975ರ ಹಾವನೂರು ವರದಿ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳು, ಇವೆಲ್ಲ ಸೇರಿ ಕಾಲೇಜಿನ ಬೆಂಚಿಗೆ ನಮ್ಮ ವಾಸನೆ ಬಂತು. ಸರಿಯಾಗಿ ಆ ಹೊತ್ತಿಗೇ 1973ರ ನವೆಂಬರಿನಲ್ಲಿ, ಮೈಸೂರಿನಲ್ಲಿ, ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ, ಇಂಗ್ಲಿಷ್ ಕಲಿಯಿರಿ ಎಂದರು. ಊರುಗಳು ಹೊತ್ತಿ ಉರಿದವು. ದಲಿತ ವಿದ್ಯಾರ್ಥಿಗಳನ್ನು ಹುಡುಕಿ ಬಡಿದರು. ಮಂತ್ರಿ ಕುರ್ಚಿ ಹೋಯಿತು. ನಮ್ಮ ಚಳವಳಿಯ ಬೆಂಕಿಗೆ ಕಿಡಿ ಬಿದ್ದದ್ದು ಅಲ್ಲಿಂದಲೇ. ಆ ಗಲಾಟೆಯಲ್ಲಿ ಒಂದು ಪ್ರಶ್ನೆ ಉತ್ತರ ಸಿಗದೆ ಉಳಿಯಿತು: ಮೊದಲ ವರ್ಷದ ಹುಡುಗನಿಗೆ ಯಾವ ಭಾಷೆಯಲ್ಲಿ ಬರೆಯಲು ಕಲಿಸಬೇಕು? ಕುವೆಂಪು 1956ರಿಂದ 60ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಕಾಲೇಜಿನಲ್ಲಿ ಕನ್ನಡ ಮಾಧ್ಯಮಕ್ಕೆ ದಾರಿ ಮಾಡಿದರು, ಕೊಠಾರಿ ಆಯೋಗ 1966ರಲ್ಲಿ ಹತ್ತು ವರ್ಷದೊಳಗೆ ಪ್ರಾದೇಶಿಕ ಭಾಷೆಗಳಲ್ಲೇ ವಿಶ್ವವಿದ್ಯಾಲಯದ ಪಾಠ ಆಗಲಿ ಎಂದಿತು. ಆ ಹತ್ತು ವರ್ಷ ಇನ್ನೂ ಮುಗಿದಿಲ್ಲ. ಕುವೆಂಪು ಶೂದ್ರ, ಬಸವಲಿಂಗಪ್ಪ ದಲಿತ. ಒಬ್ಬರು ಕನ್ನಡ ಅಂದರು, ಒಬ್ಬರು ಇಂಗ್ಲಿಷ್ ಅಂದರು. ನಮಗೆ ಇಬ್ಬರ ಮಾತೂ ಬೇಕು. ಗಣಿತ ತಿಳಿಯುವುದು ಮನೆಯ ಮಾತಿಗೆ ಹತ್ತಿರವಿದ್ದಾಗ. ಹೈಕೋರ್ಟು, ಕಂಪನಿ, ದಿಲ್ಲಿ ಮಾತಾಡುವುದು ಇಂಗ್ಲಿಷಿನಲ್ಲಿ. ಇಂಗ್ಲಿಷನ್ನು ಸಲಕರಣೆಯಾಗಿ ಕಲಿಸಲಿ, ಬಾಗಿಲು ಕಾಯುವ ನಾಯಿಯಾಗಿ ಕಟ್ಟಿಹಾಕುವುದು ಬೇಡ. ಇನ್ನು ಕುಂಚಾವರಂ ಕಡೆಯ ತಾಂಡಾದಿಂದ ಬಂದ ಹುಡುಗಿಗೆ ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ತೆಲುಗು, ಬಸ್ಸಿನಲ್ಲಿ ಉರ್ದು, ತರಗತಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಐದು ಭಾಷೆ ಬಲ್ಲವಳನ್ನು ನಾವು 'ಭಾಷೆ ವೀಕ್' ಅಂತ ಕರೆಯುತ್ತೇವೆ!

ಇದು ನಮ್ಮೊಬ್ಬರ ಕಥೆಯಲ್ಲ. ನ್ಯೂಯಾರ್ಕಿನ ಸಿಟಿ ಕಾಲೇಜು 1847ರಿಂದ ಶುಲ್ಕವಿಲ್ಲದೆ ನಡೆಯುತ್ತಿದ್ದ ಕಾಲೇಜು. ಅದು ಇರುವುದು ಕರಿಯರ ಕೇರಿ ಹಾರ್ಲೆಮ್‌ನಲ್ಲಿ, ಓದುತ್ತಿದ್ದವರು ಬಹುತೇಕ ಬಿಳಿಯರು. 1969ರಲ್ಲಿ ಕರಿಯ ಮತ್ತು ಪೋರ್ಟೊರಿಕೊ ಮೂಲದ ವಿದ್ಯಾರ್ಥಿಗಳು ಕಾಲೇಜಿಗೆ ಬೀಗ ಹಾಕಿ ಕೂತರು. 1970ರಿಂದ ನಗರದ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಪ್ರವೇಶ ಸಿಕ್ಕಿತು. ಮೊದಲ ವರ್ಷದ ಬರಹದ ತರಗತಿಗೆ ಸಾವಿರಾರು ಹೊಸಬರು ಬಂದರು. ಮೇಷ್ಟ್ರುಗಳು ತಲೆ ಮೇಲೆ ಕೈ ಹೊತ್ತು ಕೂತರು, ಇವರು ಕಲಿಯುವವರಲ್ಲ ಎಂದರು. ಮೀನಾ ಶಾಗ್ನೆಸಿ ಎಂಬ ಅಧ್ಯಾಪಕಿ ಹಾಗೆ ಹೇಳಲಿಲ್ಲ. ನಾಲ್ಕು ಸಾವಿರ ಪ್ರವೇಶ ಪ್ರಬಂಧಗಳನ್ನು ಎದುರಿಗಿಟ್ಟುಕೊಂಡು ಒಂದೊಂದು ತಪ್ಪನ್ನೂ ನೋಡಿದರು. ತಪ್ಪುಗಳು ದಡ್ಡತನದಿಂದ ಹುಟ್ಟಿದವಲ್ಲ, ಅವುಗಳಿಗೆ ಅವುಗಳದೇ ತರ್ಕ ಇದೆ, ಬರೆಯುವವರು ಕೇಳಿದ ಭಾಷೆಗೂ ಬರೆಯಬೇಕಾದ ಭಾಷೆಗೂ ನಡುವೆ ಸೇತುವೆ ಕಟ್ಟಲು ಮಾಡಿದ ಪ್ರಯತ್ನಗಳವು ಎಂದು 1977ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಶ್ರೀವಿಜಯನ ವಾಸುಕಿ ಬೇಸತ್ತು ಬಿಟ್ಟ ಕೆಲಸವನ್ನು ಈ ಹೆಂಗಸು ಮಾಡಿದಳು. ಅಷ್ಟರಲ್ಲಿ 1976ರಲ್ಲಿ, ಕರಿಯರು ಒಳಗೆ ಬಂದು ಆರೇ ವರ್ಷಕ್ಕೆ, 129 ವರ್ಷ ಇಲ್ಲದ ಶುಲ್ಕ ಬಂದುಬಿಟ್ಟಿತು. ಕೆಳಗಿನವರು ಹತ್ತಿದ ಕೂಡಲೇ ಏಣಿಗೆ ಟಿಕೆಟ್ಟು ಇಡುವುದು ಎಲ್ಲ ದೇಶದಲ್ಲೂ ಒಂದೇ.

ಗಣಿತಕ್ಕೂ ಅಂಥವರೊಬ್ಬರಿದ್ದರು. ಬಾಬ್ ಮೋಸೆಸ್. 1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಕರಿಯರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಹೋಗಿ ಪೆಟ್ಟು ತಿಂದವರು. 1982ರಲ್ಲಿ ಬೀಜಗಣಿತ ಕಲಿಸುವುದನ್ನೇ ಚಳವಳಿ ಮಾಡಿದರು. ಓಟು ಇಲ್ಲದವನು ಅಂದು ಹೇಗೋ ಬೀಜಗಣಿತ ಬಾರದವನು ಇಂದು ಹಾಗೆ ಎಂಬುದು ಅವರ ವಾದ. ಪಾಠದ ರೀತಿ ಹೀಗೆ: ಮಕ್ಕಳನ್ನು ರೈಲಿನಲ್ಲಿ ಕರೆದುಕೊಂಡು ಹೋಗುವುದು, ನೋಡಿದ್ದನ್ನು ಮೊದಲು ತಮ್ಮ ಮನೆ ಮಾತಿನಲ್ಲೇ ಬರೆಯಿಸುವುದು, ಆಮೇಲೆ ಅದನ್ನು ಬಿಗಿ ಮಾಡಿ ಹೇಳಿಸುವುದು, ಕೊನೆಗೆ ಚಿಹ್ನೆ. ನಮ್ಮಲ್ಲೂ 1874ರಲ್ಲಿ ಹಾಕಿದ ರೈಲು ದಾರಿ ಇದೆ. ವಾಡಿಯಿಂದ ಹೊರಟ ಗಾಡಿ ಚಿತ್ತಾಪುರ, ಮಳಖೇಡ ರೋಡು, ಸೇಡಂ ದಾಟಿ ತಾಂಡೂರಿಗೆ ಹೋಗುತ್ತದೆ. ಮಳಖೇಡ ರೋಡಿಗೆ ಸೊನ್ನೆ ಇಡಿ. ಸೇಡಂ ಕಡೆ ಧನ, ವಾಡಿ ಕಡೆ ಋಣ. ಮಹಾವೀರಾಚಾರ್ಯನ ಊರು ಸೊನ್ನೆಯಾಗಿ ನಿಲ್ಲುತ್ತದೆ. ಋಣ ಸಂಖ್ಯೆ ಅಂದರೇನು ಎಂದು ಸಾಲದಲ್ಲಿ ಹುಟ್ಟಿದ ಮಕ್ಕಳಿಗೆ ಬೇರೆ ಉದಾಹರಣೆ ಬೇಕಾದರೆ ಮನೆಯಲ್ಲೇ ಇದೆ.

ಇನ್ನು ಮೂರನೆಯದು, ಕಂಪ್ಯೂಟರ್. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ, ಕರ್ಟ್ಜ್ ಎಂಬ ಇಬ್ಬರು ಗಣಿತದ ಅಧ್ಯಾಪಕರು ಬೇಸಿಕ್ ಎಂಬ ಭಾಷೆ ಮಾಡಿದರು. ಇತಿಹಾಸ, ಸಾಹಿತ್ಯ ಓದುವ ಹುಡುಗನೂ ಯಂತ್ರಕ್ಕೆ ಮಾತು ಹೇಳುವಂತಾಗಬೇಕು ಎಂಬುದು ಉದ್ದೇಶ. ಆದರೆ ಅದರ ಶಬ್ದಗಳೆಲ್ಲ ಇಂಗ್ಲಿಷ್. ಕನ್ನಡ ಯಂತ್ರದೊಳಗೆ ಕೂರಲು ಬಹಳ ಮಂದಿ ಬೆವರು ಸುರಿಸಿದರು. ಇಂಗ್ಲಿಷಿನ ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದ ಕೆ.ಪಿ. ರಾವ್, 'ನುಡಿ' ತಂದ ಕನ್ನಡ ಗಣಕ ಪರಿಷತ್ತು, 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಸೇರಿದ ಕನ್ನಡ. ಯಂತ್ರಕ್ಕೆ ಕನ್ನಡ ಬಂತು, ಯಂತ್ರದ ಪಾಠಕ್ಕೆ ಬರಲಿಲ್ಲ.

ಅಷ್ಟರಲ್ಲಿ ಹಳ್ಳಿಗೆ ಯಂತ್ರ ಬಂದುಬಿಟ್ಟಿತ್ತು. 2000ದ ಸುಮಾರಿಗೆ ಸರ್ಕಾರ 'ಭೂಮಿ' ಯೋಜನೆಯಲ್ಲಿ ರಾಜ್ಯದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಕೈಬರಹದ ಪಹಣಿ ನಡೆಯದು ಎಂದಿತು. ಒಳ್ಳೆಯದೇ, ಗ್ರಾಮ ಲೆಕ್ಕಿಗನ ಮನೆ ಬಾಗಿಲಿಗೆ ಕೋಳಿ ಹಿಡಿದು ಅಲೆಯುವುದು ತಪ್ಪಿತು. ಆದರೆ ಹಳೇ ಪುಸ್ತಕದಲ್ಲಿದ್ದ ತಪ್ಪು, ಮೋಸ ಎಲ್ಲ ಹಾಗೇ ಯಂತ್ರದೊಳಗೆ ಹೋಗಿ ಅಚ್ಚಾಗಿ ಹೊರಬಂದವು. ಅಚ್ಚಾದದ್ದು ಸುಳ್ಳಿರುತ್ತದೆಯೇ ಎಂದು ನಮ್ಮ ಅಪ್ಪಂದಿರು ಸುಮ್ಮನಾದರು. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೂಲಿಯ ಹಾಜರಿಯನ್ನು ಮೊಬೈಲ್ ಆ್ಯಪಿನಲ್ಲೇ, ಫೋಟೋ ಸಮೇತ ಹಾಕಬೇಕೆಂದು ಕಡ್ಡಾಯವಾಯಿತು. ಸಿಗ್ನಲ್ ಇಲ್ಲದ ಕಾಡಂಚಿನ ಕೆಲಸದ ಜಾಗದಲ್ಲಿ ಮೈ ಬಗ್ಗಿಸಿ ದುಡಿದವಳ ಹಾಜರಿ ಎಲ್ಲಿ ಹೋಗಬೇಕು? ಬಗಲಿನ ಪುಸ್ತಕ ಹೋಗಿ ಪರದೆ ಬಂತು. "ನೋಡ್ಕೋ" ಅನ್ನುವ ಮಾತು ಮಾತ್ರ ಅದೇ.

ಇಂಥ ಹೊತ್ತಿನಲ್ಲಿ ಮೊದಲ ವರ್ಷದ ಕಂಪ್ಯೂಟರ್ ಪಾಠ ಏನು ಕಲಿಸಬೇಕಿತ್ತು? 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. 'ಡಿಜಿಟಲ್ ಫ್ಲೂಯೆನ್ಸಿ' ಎಂಬ ಪೇಪರು ಬಂತು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್, ಇಂಟರ್‌ನೆಟ್ ಆಫ್ ಥಿಂಗ್ಸ್. ಹಿಂದಿನ ವರ್ಷ ಕೊರೊನಾದಲ್ಲಿ ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ್ದ ನಮ್ಮ ಹುಡುಗರು ಕ್ಲೌಡ್ ಅಂದರೆ ಮೋಡ ಎಂದು ಬರೆದುಕೊಂಡು ಬಾಯಿಪಾಠ ಮಾಡಿದರು. ಸರ್ಕಾರ ಲ್ಯಾಪ್‌ಟಾಪ್ ಹಂಚಿತು, ಟ್ಯಾಬ್ ಹಂಚಿತು. ಕಲಿಸುವವರನ್ನು ಹಂಚಲಿಲ್ಲ. ರಾಜ್ಯದ ನಾನೂರಕ್ಕೂ ಮಿಕ್ಕಿದ ಸರ್ಕಾರಿ ಪದವಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ, ಆ ಅತಿಥಿಗಳು 2023ರ ಕೊನೆಗೆ ತಿಂಗಳುಗಟ್ಟಲೆ ಬೀದಿಯಲ್ಲಿ ಕೂತಿದ್ದರು. 2024-25ಕ್ಕೆ ನಾಲ್ಕು ವರ್ಷದ ಪದವಿ ಹೋಗಿ ಮತ್ತೆ ಮೂರು ವರ್ಷದ್ದು ಬಂತು. ನೀತಿ ಬದಲಾದದ್ದರ ಬಗ್ಗೆ ನಮಗೆ ದುಃಖವಿಲ್ಲ. ಆದರೆ ಅಣ್ಣನ ಪುಸ್ತಕ ತಂಗಿಗೆ ಬಾರದ ಹಾಗೆ ಸಿಲೆಬಸ್ ಬದಲಾದರೆ ಮೊದಲ ತಲೆಮಾರಿನ ಮನೆಗೆ ಬೀಳುವ ಪೆಟ್ಟು ವಿಧಾನಸೌಧಕ್ಕೆ ತಿಳಿಯುವುದಿಲ್ಲ. ಈಗಂತೂ ಕೇಳಿದರೆ ಯಂತ್ರವೇ ತಪ್ಪಿಲ್ಲದ ಪ್ರಬಂಧ ಬರೆದುಕೊಡುತ್ತದೆ. ಅದೂ ತಿರುಳ್ಗನ್ನಡದಲ್ಲಿ. ಕಲಬುರಗಿಯ ಮಾತಿನಲ್ಲಿ 'ಬದುಕು' ಕಾದಂಬರಿ ಬರೆದು 2004ರಲ್ಲಿ ಕೇಂದ್ರ ಅಕಾಡೆಮಿ ಪ್ರಶಸ್ತಿ ಪಡೆದ ಸಾವಳಗಿಯ ಗೀತಾ ನಾಗಭೂಷಣ ಇಂದು ಮೊದಲ ವರ್ಷದಲ್ಲಿದ್ದಿದ್ದರೆ ಯಂತ್ರ ಅವರ ಎಷ್ಟು ಶಬ್ದಗಳ ಕೆಳಗೆ ಕೆಂಪು ಗೆರೆ ಎಳೆಯುತ್ತಿತ್ತೋ.

ಮುಲ್ಲಾಮಾರಿ ಹೊಳೆಯ ಆಚೆ ಚಿಂಚೋಳಿ, ಈಚೆ ಚಂದಾಪುರ. ಮಳೆಗಾಲದಲ್ಲಿ ಹೊಳೆ ಬಂದರೆ ಸೇತುವೆ ಮುಳುಗಿ ಎರಡೂ ಬೇರೆ ಬೇರೆ. ಚಂದಾಪುರದಲ್ಲಿ ಭಾನುವಾರ ಸಂಜೆ ನಾವು ನಾಲ್ಕೈದು ಮಂದಿ ಮೊದಲ ವರ್ಷದವರನ್ನು ಕೂಡಿಸಿಕೊಂಡು ಒಂದು ಮಾಳಿಗೆಯ ಮೇಲೆ ಕೂರುತ್ತೇವೆ. ಬರಹ, ಗಣಿತ, ಕಂಪ್ಯೂಟರ್ ಮೂರಕ್ಕೂ ಸೇರಿ ಒಂದೇ ಪಠ್ಯ: ಪಹಣಿ. ಮೊಬೈಲಿನಲ್ಲಿ ಅವರವರ ಊರಿನ ಸರ್ವೆ ನಂಬರು ಹಾಕಿ ತೆಗೆಯುವುದು, ಕಾಲಂ 9ರಲ್ಲಿ ಯಾರ ಹೆಸರಿದೆ ಓದುವುದು, ವಿಸ್ತೀರ್ಣ ತಾಳೆ ಹಾಕುವುದು, ತಪ್ಪಿದ್ದರೆ ತಹಸೀಲ್ದಾರರಿಗೆ ಅರ್ಜಿ ಬರೆಯುವುದು. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ಹತ್ತರ ಗಣಿತ ಕಲಿತವರಿಗೆ ನಲವತ್ತರ ಗಣಿತ ಮೊದಲು ತಡವರಿಸುತ್ತದೆ, ಆಮೇಲೆ ಕೂಡಿಬರುತ್ತದೆ.

ಹೋದ ವಾರ ಕೊಟ್ಟ ಲೆಕ್ಕ ಇದು: ಅಪ್ಪನ ಹೆಸರಿನಲ್ಲಿ 2 ಎಕರೆ 16 ಗುಂಟೆ. ಅಪ್ಪ ತೀರಿಕೊಂಡ, ಮನೆಯಲ್ಲಿ ಉಳಿದವರು ಮೂವರು ಗಂಡುಮಕ್ಕಳು, ಮದುವೆಯಾಗಿ ಹೋದ ಒಬ್ಬಳು ಅಕ್ಕ. ಅವ್ವ ಮೊದಲೇ ಇಲ್ಲ. ಹುಡುಗರು ಬೇಗ ಮಾಡಿ ಮುಗಿಸಿದರು. 96 ಗುಂಟೆ, ಮೂರು ಪಾಲು, ಒಬ್ಬೊಬ್ಬನಿಗೆ 32. ಹಿಂದೆ ಕೂತಿದ್ದ ಹುಡುಗಿಯೊಬ್ಬಳು 24 ಅಂದಳು. ಲೆಕ್ಕ ತಪ್ಪಿದೆ ಅಂತ ಹುಡುಗರು ನಕ್ಕರು. ಆಕೆ ಎದ್ದು ಬಂದು ನಾಲ್ಕು ಹೆಸರು ಬರೆದು, 2005ರ ಕಾಯ್ದೆ ತಿದ್ದುಪಡಿ ಹೇಳಿ, ಕೂತುಕೊಂಡಳು. ಆಮೇಲೆ ಬಹಳ ಹೊತ್ತು ಜಗಳ ಆಯಿತು, ಕೊನೆಯ ಬಸ್ಸು ತಪ್ಪಿ ಇಬ್ಬರು ನಡೆದುಕೊಂಡೇ ಹೋದರು. ಮುಂದಿನ ಭಾನುವಾರ ಕಾಲಂ 11: ಸಾಲ, ಋಣ, ಮತ್ತು 1978ರ ಪಿ.ಟಿ.ಸಿ.ಎಲ್. ಕಾಯ್ದೆ. ಬರುವವರು ತಮ್ಮ ತಮ್ಮ ಸರ್ವೆ ನಂಬರು ಬರೆದುಕೊಂಡು ಬರಬೇಕು.